ಓಸಾಕಾದ ಏಕಾದಶಿ

ಹೋದ ಭಾನುವಾರ ಡ್ಯಾನ್‌ವಿಲ್‌ನಲ್ಲಿ ತಂಗಿಯ ಮನೆಯ ಬಾಗಿಲು ತೆರೆದ ಕೂಡಲೇ ಎಲೆಕೋಸು ಸೀದ ವಾಸನೆ ಮೂಗಿಗೆ ಬಂತು. ದಪ್ಪ ಕಬ್ಬಿಣದ ಮೇಲೆ ಎಣ್ಣೆ ಹಿಡಿಯದೆ, ಹಿಟ್ಟು ತಳಕ್ಕೆ ಕಚ್ಚಿ, ಅಂಚಿನ ಕೋಸು ಕಪ್ಪಾಗುವಾಗ ಬರುವ ವಾಸನೆ ಅದು. ನಲವತ್ತು ವರ್ಷ ಕಾವಲಿಯ ಮುಂದೆ ನಿಂತವನಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ.

ಅಡುಗೆಮನೆಯಲ್ಲಿ ಸೊಸೆ ಮಾಯಾ ಸಟ್ಟುಗ ಹಿಡಿದು ಒದ್ದಾಡುತ್ತಿದ್ದಳು. ತಂಗಿ ವಾರಿಜಳ ಮಗಳು, ಕಾಲೇಜಿನಿಂದ ರಜೆಗೆ ಬಂದಿದ್ದಾಳೆ.

"ಮಾಮಾ, ಇಟ್ಸ್ ಸ್ಟಿಕಿಂಗ್! ಡೂ ಸಮ್‌ಥಿಂಗ್!"

"ಕಾವಲಿಗೆ ಎಂತ ಮಾಡಿದೆ?"

"ನಥಿಂಗ್. ಐ ಜಸ್ಟ್ ವಾಷ್ಡ್ ಇಟ್."

"ಸೋಪು ಹಾಕಿ ಉಜ್ಜಿದ್ದಾಳೆ," ಎಂದು ಹಜಾರದಿಂದ ವಾರಿಜ ಕೂಗಿದಳು. "ಅವಳ ಅಜ್ಜಿ ಇದ್ದಿದ್ರೆ ಇವತ್ತು ಇವಳನ್ನು ಮನೆಯಿಂದ ಹೊರಗೆ ಹಾಕ್ತಿದ್ರು!"

"ಬದನೆಕಾಯಿ ಉಂಟಾ?" ಎಂದೆ. ಮಾಯಾ ನನ್ನ ಮುಖ ನೋಡಿದಳು. ಉದ್ದನೆಯ ನೇರಳೆ ಬದನೆಕಾಯಿಯೊಂದನ್ನು ತೆಗೆದು ಅಡ್ಡಕ್ಕೆ ಕತ್ತರಿಸಿದೆ. ತೊಟ್ಟು ಹಿಡಿದು ಎಣ್ಣೆಯಲ್ಲಿ ಅದ್ದಿ ಬಿಸಿ ಕಬ್ಬಿಣದ ಮೇಲೆ ಉಜ್ಜತೊಡಗಿದೆ. ಹೊಗೆ ಎದ್ದಿತು. ಆ ಹೊಗೆಯಲ್ಲಿ ನನಗೆ ಇಪ್ಪತ್ತೈದು ವರ್ಷ ಹಿಂದಿನ ಒಂದು ಬೆಳಿಗ್ಗೆ ನೆನಪಾಯಿತು. ಆ ಬೆಳಿಗ್ಗೆಯ ಬಗ್ಗೆ ಯಾರಿಗೂ ಹೇಳದ ಒಂದು ಮಾತು ನನ್ನಲ್ಲಿದೆ.

ನಾನು ಆರನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆದು ಅಭ್ಯಾಸವಿಲ್ಲ. ಕನ್ನಡ ಕೂಟದ ಸಂಚಿಕೆಗೆ ನೀನೂ ಏನಾದರೂ ಬರೆ, ಹಾಳೆಯಲ್ಲಿ ಬರೆದುಕೊಟ್ಟರೆ ಟೈಪ್ ಮಾಡುವುದು ನನ್ನ ಕೆಲಸ ಎಂದು ವಾರಿಜ ಮೂರು ವರ್ಷದಿಂದ ಹೇಳುತ್ತಿದ್ದಾಳೆ. ಅದಕ್ಕೆ ಬರೆಯುತ್ತಿದ್ದೇನೆ. ನಾವಿಬ್ಬರೂ ತುಳುವಿನಲ್ಲಿ ಮಾತಾಡುವವರು. ಆಡಿದ ಮಾತನ್ನು ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ.

ನಮ್ಮದು ಉಡುಪಿಯ ಹತ್ತಿರದ ಹಳ್ಳಿ. ಅಪ್ಪ ತೀರಿಕೊಂಡಾಗ ನನಗೆ ಹನ್ನೆರಡು, ವಾರಿಜಳಿಗೆ ಮೂರು. ನಾನು ಹೋಟೆಲು ಸೇರಿದೆ. ಅಮ್ಮನೂ ಹೋದ ಮೇಲೆ ಅವಳಿಗೆ ನಾನೇ ಹಿರಿಯ. ಅವಳು ಓದಿದಳು, ಓದುತ್ತಲೇ ಅಮೆರಿಕಕ್ಕೆ ಬಂದಳು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಔಷಧಿ ಕಂಡುಹಿಡಿಯುವ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಆಮೇಲೆ ಸನ್ನಿವೇಲ್‌ನ ಒಂದು ಉಡುಪಿ ಹೋಟೆಲಿನವರು ದೋಸೆ ಭಟ್ಟರನ್ನು ಹುಡುಕುತ್ತಿದ್ದಾರೆಂದು ತಿಳಿದು ನನ್ನನ್ನೂ ಕರೆಸಿಕೊಂಡಳು. ಅವಳ ಅಪಾರ್ಟ್‌ಮೆಂಟಿನಲ್ಲೇ ನಾನಿದ್ದೆ. ಕೊಲ್ಲಿಯ ಕಡೆಯಿಂದ ಗಾಳಿ ಬೀಸುವ ಊರು. ಒಣಗಲು ಹಾಕಿದ ಪಂಚೆ ಎರಡು ಸಲ ಪಕ್ಕದ ಕಟ್ಟಡಕ್ಕೆ ಹಾರಿಹೋಗಿತ್ತು.

ಎರಡು ಸಾವಿರದ ಇಸವಿ ಬರುವುದಕ್ಕೆ ಮೊದಲಿನ ಆ ವರ್ಷ ಹೋಟೆಲಿನಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಮಧ್ಯಾಹ್ನ ಹನ್ನೊಂದೂವರೆಗೆ ಸಾಲು ಬಾಗಿಲು ದಾಟಿ ಪಾರ್ಕಿಂಗಿನವರೆಗೆ ಹೋಗುತ್ತಿತ್ತು. ಕೊರಳಲ್ಲಿ ಕಂಪ್ಯೂಟರ್ ಕಂಪನಿಯ ಬಿಲ್ಲೆ ತೂಗುಹಾಕಿಕೊಂಡ ಹುಡುಗರು. ಅದೇ ಮುಖ, ಎರಡು ತಿಂಗಳಿಗೊಮ್ಮೆ ಬೇರೆ ಬಿಲ್ಲೆ. "ಭಟ್ರೆ, ಈ ಸಲ ನಮ್ಮದು ಗ್ಯಾರಂಟಿ ಮೇಲೆ ಹೋಗ್ತದೆ ನೋಡಿ," ಎನ್ನುತ್ತಿದ್ದರು. ಏನು ಮೇಲೆ ಹೋಗುವುದು ಎಂದು ನಾನು ಕೇಳುತ್ತಿರಲಿಲ್ಲ. ನನ್ನ ಕಾವಲಿಯ ಮೇಲೆ ಒಂದು ಸಲಕ್ಕೆ ಆರು ದೋಸೆ. ಬೇರೆಯವರು ಅದನ್ನು ಮುಟ್ಟುವ ಹಾಗಿರಲಿಲ್ಲ. ಹೊಸದಾಗಿ ಬಂದ ಪಾತ್ರೆ ತೊಳೆಯುವವನು ಒಮ್ಮೆ ಪಾಪ, ಒಳ್ಳೆಯದಕ್ಕೆಂದೇ ಸೋಪು ಹಾಕಿ ಅದನ್ನು ತಿಕ್ಕಿಬಿಟ್ಟ. ಎರಡು ದಿನ ನಾನು ಅವನ ಹತ್ತಿರ ಮಾತಾಡಲಿಲ್ಲ. ಕಾವಲಿ ಪಳಗುವುದೆಂದರೆ ಸಣ್ಣ ಕೆಲಸವಲ್ಲ. ದಿನದಿನದ ಎಣ್ಣೆ ಕಬ್ಬಿಣದೊಳಗೆ ಇಳಿದು, ಕಪ್ಪು ಕನ್ನಡಿಯ ಹಾಗಾಗಲು ವರ್ಷಗಳು ಬೇಕು. ಕಳೆಯಲು ಅರ್ಧ ಗಂಟೆ ಸಾಕು.

ಶನಿವಾರ ವಾರಿಜ ಲ್ಯಾಬಿನ ಗೆಳೆಯನೊಬ್ಬನನ್ನು ಹೋಟೆಲಿಗೆ ಕರೆತರುತ್ತಿದ್ದಳು. ಹೆಸರು ಕೆಂಜಿ, ಜಪಾನಿನ ಓಸಾಕಾದವನು. ತೆಳ್ಳಗಿನ ಮನುಷ್ಯ, ನನ್ನನ್ನು ಕಂಡ ಕೂಡಲೇ ಬಗ್ಗಿ "ಅಣ್ಣ-ಸಾನ್" ಎನ್ನುತ್ತಿದ್ದ. ಸಾನ್ ಎಂದರೆ ಅವರಲ್ಲಿ ಮರ್ಯಾದೆಯ ಮಾತಂತೆ. ಮಸಾಲೆದೋಸೆಯನ್ನು ಅವರ ಕಡೆಯ ಎರಡು ಕಡ್ಡಿಯಲ್ಲಿ ಹಿಡಿದು ತಿನ್ನುತ್ತಿದ್ದ, ಚಟ್ನಿಯ ಒಂದು ತೊಟ್ಟೂ ಕೆಳಗೆ ಬೀಳುತ್ತಿರಲಿಲ್ಲ. ನನ್ನ ಜೊತೆ ಇಡ್ಲಿ ನೋಡಿಕೊಳ್ಳುತ್ತಿದ್ದ ಸುಬ್ಬಣ್ಣ ಒಂದು ದಿನ ಹೇಳಿದ: "ಭಟ್ರೆ, ಆ ಜನ ನಿಮ್ಮ ದೋಸೆಗೆ ಬರುದಲ್ಲ. ನೋಡಿಟ್ಕೊಳ್ಳಿ."

"ನೀನು ಇಡ್ಲಿ ನೋಡು, ಬೆಂದು ಕಲ್ಲಾಗ್ತದೆ," ಎಂದೆ. ಆದರೆ ಅವತ್ತಿನಿಂದ ನಾನೂ ನೋಡತೊಡಗಿದೆ. ನೋಡಿದ್ದನ್ನು ನೋಡದ ಹಾಗೆ ಇದ್ದೆ.

ನವೆಂಬರಿನಲ್ಲಿ ಅವರಿಬ್ಬರಿಗೂ ಓಸಾಕಾದಲ್ಲಿ ಲ್ಯಾಬಿನ ಮೀಟಿಂಗು ಬಂತು. ವಾರಿಜ ನನಗೂ ಟಿಕೆಟು ತೆಗೆದಳು. "ಊಟಕ್ಕೇ ಹೆಸರಾದ ಊರು ಅಣ್ಣ. ತಿಂದು ತಿಂದೇ ಹಾಳಾಗುವವರು ಅಂತ ಅವರ ದೇಶದಲ್ಲೇ ಗಾದೆ ಉಂಟಂತೆ. ಅಡುಗೆಯವನಾಗಿ ನೀನು ಅದನ್ನು ನೋಡ್ದೆ ಇದ್ರೆ ಹೇಗೆ?" ಅವಲಕ್ಕಿ, ಚಟ್ನಿಪುಡಿ, ಸಣ್ಣ ಕುಕ್ಕರು ಕಟ್ಟಿಕೊಂಡು ಹೊರಟೆ.

ವಿಮಾನದಲ್ಲಿ ಊಟದ ತಟ್ಟೆ ತೆಗೆದುಕೊಂಡು ಹೋದ ಮೇಲೆ ಅವಳು ಮೆಲ್ಲ ಹೇಳಿದಳು: "ನಾಡಿದ್ದು ಕೆಂಜಿಯ ಅಮ್ಮ ನಿನ್ನನ್ನು ಊಟಕ್ಕೆ ಕರೆದಿದ್ದಾರೆ."

"ನನ್ನನ್ನು ಯಾಕೆ?"

"ಯಾಕೆ ಅಂತ ನಿನಗೆ ಗೊತ್ತುಂಟು."

ನಾನು ಕಿಟಕಿಯ ಹೊರಗೆ ನೋಡಿದೆ. ಬರೀ ಮೋಡ.

"ಅಣ್ಣ, ನೀನು ಒಂದು ಮಾತೂ ಹೇಳುದು ಬೇಡ. ಅವರ ಕೈಯಡುಗೆ ಉಂಡ್ರೆ ಸಾಕು. ಅದೇ ನಿನ್ನ ಒಪ್ಪಿಗೆ ಅಂತ ತಿಳೀತೇನೆ. ಉಣ್ಣದಿದ್ರೆ..."

ನಮ್ಮ ಕಡೆ ಹಿರಿಯರು ಹೆಣ್ಣು ನೋಡಲು ಹೋದ ಮನೆಯಲ್ಲಿ ಊಟ ಮಾಡುವುದಿಲ್ಲ. ಸಂಬಂಧ ಗಟ್ಟಿಯಾದ ಮೇಲೆ ಮಾತ್ರ ಎಲೆ ಹಾಕುವುದು. ಉಂಡರೆ ಸರಿ ಎಂದ ಹಾಗೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಓಸಾಕಾ ನಾನು ನೆನೆಸಿದ್ದಕ್ಕಿಂತ ದೊಡ್ಡ ಊರು. ಮೊದಲ ಸಂಜೆ ಕೆಂಜಿ ನಮ್ಮನ್ನು ಕಾಲುವೆಯ ಪಕ್ಕದ ಒಂದು ಬೀದಿಗೆ ಕರೆದುಕೊಂಡು ಹೋದ. ಕತ್ತಲಾಗುವುದನ್ನೇ ಕಾಯುತ್ತಿದ್ದ ಹಾಗೆ ಇಡೀ ಬೀದಿಗೆ ದೀಪ ಹತ್ತಿತು. ಒಂದು ಹೋಟೆಲಿನ ಹಣೆಯ ಮೇಲೆ ಎತ್ತಿನಗಾಡಿಯಷ್ಟು ದೊಡ್ಡ ಏಡಿ, ಅದು ಕಾಲು ಬೇರೆ ಆಡಿಸುತ್ತಿತ್ತು. ಕಾಲುವೆಯ ನೀರಿನಲ್ಲಿ ಕೆಂಪು, ಹಸಿರು, ಹಳದಿ ಕಲಸಿಹೋಗಿತ್ತು. ಟೈ ಕಟ್ಟಿದ ಗಂಡಸರು ಹೆಗಲ ಮೇಲೆ ಕೈ ಹಾಕಿಕೊಂಡು ಹಾಡುತ್ತಾ ಹೋಗುತ್ತಿದ್ದರು. ಗುಳಿಯಪ್ಪದ ಕಾವಲಿಯ ಹಾಗಿನ ಅಚ್ಚಿನಲ್ಲಿ ಒಬ್ಬ ಹಿಟ್ಟು ಹೊಯ್ದು ಎರಡು ಸೂಜಿಯಲ್ಲಿ ಉಂಡೆ ತಿರುಗಿಸುತ್ತಿದ್ದ. ಒಳಗೆ ಇರುವುದು ಆಕ್ಟೋಪಸ್ಸು ಎಂದು ಗೊತ್ತಿದ್ದೂ ಅವನ ಕೈ ನೋಡುತ್ತಾ ನಾನು ಹತ್ತು ನಿಮಿಷ ನಿಂತೆ. ಆ ವೇಗ ನನಗೆ ಬಾರದು. ಎಲ್ಲೆಲ್ಲೂ ಮೀನಿನ ವಾಸನೆ. ನಮ್ಮ ಊರಿನ ಮೀನಿನ ವಾಸನೆಯಲ್ಲ, ಒಣಗಿಸಿ ಹೊಗೆ ಕೊಟ್ಟದ್ದು. ಆದರೂ, ನಿಜ ಹೇಳುತ್ತೇನೆ, ಆ ಬೀದಿ ನನಗೆ ಹಿಡಿಸಿತು. ಇಡೀ ಊರಿಗೆ ಊರೇ ಒಂದು ಅಡುಗೆಮನೆ.

ಮಾರನೆಯ ದಿನ ಸಂಜೆ ನಾಲ್ಕು ಗಂಟೆಗೆ ಕೆಂಜಿಯ ಅಮ್ಮನ ಅಂಗಡಿಗೆ ಹೋದೆವು. ಆ ಬೀದಿಯ ಹಿಂದಿನ ಓಣಿಯಲ್ಲಿ, ಉದ್ದ ಕಾವಲಿಯೊಂದರ ಸುತ್ತ ಎಂಟು ಸ್ಟೂಲು, ಅಷ್ಟೇ ಅಂಗಡಿ. ಎಲೆಕೋಸು ಹಾಕಿದ ದಪ್ಪ ದೋಸೆಯಂಥ ತಿಂಡಿಗೆ ಹೆಸರಾದ ಜಾಗವಂತೆ. ಗಂಡ ತೀರಿಕೊಂಡ ಮೇಲೆ ಆಕೆ ಮೂವತ್ತು ವರ್ಷದಿಂದ ಒಬ್ಬರೇ ನಡೆಸುತ್ತಿದ್ದರು. ಗಿಡ್ಡ ಹೆಂಗಸು, ತಲೆಗೆ ಬಿಳಿ ಬಟ್ಟೆ ಕಟ್ಟಿದ್ದರು. ನನ್ನನ್ನು ಕಂಡು ಸೊಂಟದವರೆಗೆ ಬಗ್ಗಿದರು. ನಾನೂ ಬಗ್ಗಿದೆ.

ತಲೆ ಎತ್ತಿ ನೋಡಿದರೆ ಎದುರಿಗೆ ಕಾವಲಿ. ಬೆಳ್ಳಗಿತ್ತು.

ಮೂವತ್ತು ವರ್ಷ ಪಳಗಿದ ಕಾವಲಿ ಕಪ್ಪಗಿರಬೇಕು. ಇದು ಉಜ್ಜಿ ಉಜ್ಜಿ, ಹಸಿ ಕಬ್ಬಿಣದ ಬಣ್ಣಕ್ಕೆ ಬಂದಿತ್ತು. ಕೆಂಜಿ ವಾರಿಜಳಿಗೆ ಏನೋ ಹೇಳಿದ. ಅವಳು ನನ್ನತ್ತ ತಿರುಗಿದಳು. ಕಣ್ಣು ತುಂಬಿತ್ತು.

"ಮೀನು ಮಾಂಸದ ಗುರುತೂ ಇರಬಾರದು ಅಂತ ಎರಡು ದಿನ ಕೂತು ತಾವೇ ತಿಕ್ಕಿದ್ದಾರಂತೆ ಅಣ್ಣ. ಚೂರಿ, ಬಟ್ಟಲು, ಸಟ್ಟುಗ ಎಲ್ಲ ಹೊಸತು. ಮೊಟ್ಟೆ ಇಲ್ಲದೆ ಹಿಟ್ಟು ನಿಲ್ಲುದಿಲ್ಲ ಅಂತ ಒಂದು ಗಡ್ಡೆ ತುರಿದು ಹಾಕ್ತಾರೆ. ಒಂದು ತಿಂಗಳಿಂದ ಮಾಡಿ ನೋಡ್ತಾ ಇದ್ದಾರಂತೆ."

ಆ ಅಂಗಡಿಯಲ್ಲಿ ಇದ್ದವರ ಪೈಕಿ ಆಕೆ ಏನನ್ನು ಬಿಟ್ಟುಕೊಟ್ಟಿದ್ದಾರೆ ಎಂದು ಸರಿಯಾಗಿ ಅರ್ಥವಾದದ್ದು ನನಗೊಬ್ಬನಿಗೇ. ಆಕೆ ಬೆರಳ ತುದಿಯಿಂದ ನೀರು ಚಿಮುಕಿಸಿ ಬಿಸಿ ನೋಡಿದರು. ನಾನೂ ಹಾಗೇ ನೋಡುವುದು. ಹಿಟ್ಟಿನ ಬಟ್ಟಲು ಎತ್ತಿದರು.

"ಇವತ್ತು ಏಕಾದಶಿ," ಎಂದೆ ನಾನು.

ವಾರಿಜ ನನ್ನನ್ನು ನೋಡಿದಳು.

"ಉಪವಾಸ. ನೀರೂ ಮುಟ್ಟುವ ಹಾಗಿಲ್ಲ ಅಂತ ಹೇಳು ಅವರಿಗೆ."

ಆ ಮಾತು ನನ್ನ ಬಾಯಿಂದ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಗೊತ್ತಿದೆ. ದೇವರ ಭಯದಿಂದಲ್ಲ. ಹೋಟೆಲಿನಲ್ಲಿ ದಿನವಿಡೀ ಈರುಳ್ಳಿ ಕೊಚ್ಚುವವನಿಗೆ ಎಲ್ಲಿಯ ಮಡಿ? ಊರಿನವರ ಬಾಯಿಯ ಭಯ ಸ್ವಲ್ಪ ಇತ್ತು. ಆದರೆ ನಿಜವಾದ ಭಯ ಬೇರೆ. ನಾನು ಮದುವೆಯಾಗಿರಲಿಲ್ಲ. ಸಂಜೆ ಅವಳು ಲ್ಯಾಬಿನಿಂದ ಬಂದು "ಅಣ್ಣ, ಇವತ್ತು ಎಂತ ಸಾರು?" ಎಂದು ಕೇಳುವುದೇ ನನ್ನ ಸಂಸಾರ. ನಾನು ಉಂಡೆನೋ ಅದು ಮುಗಿಯಿತು. ಸ್ವಾರ್ಥಕ್ಕೆ ಏಕಾದಶಿಯ ಮುಸುಕು ಹೊದಿಸಿದೆ.

ವಾರಿಜ ಕೆಂಜಿಗೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಅವನು ಅಮ್ಮನಿಗೆ ಹೇಳಿದ. ಆಕೆ ಬಟ್ಟಲು ಕೆಳಗಿಟ್ಟರು. ಬೇಜಾರು ಮಾಡಿಕೊಳ್ಳಲಿಲ್ಲ, ಕೈ ಜೋಡಿಸಿ ತಲೆ ಬಾಗಿಸಿದರು. ಉರಿ ಆರಿಸಿದರು. ಇಂಥ ದಿನ ಗೊತ್ತಿಲ್ಲದೆ ಕರೆದದ್ದಕ್ಕೆ ಕ್ಷಮಿಸಬೇಕು ಎಂದರಂತೆ. ಅವರು ಕ್ಷಮೆ ಕೇಳಿದರು, ನನ್ನ ಹತ್ತಿರ!

"ನಾಳೆ ಬೆಳಿಗ್ಗೆ ದ್ವಾದಶಿ, ಬೇಗ ಪಾರಣೆ ಮಾಡ್ಬೇಕು ಅಂತಲೂ ಹೇಳಿದ್ದೇನೆ," ಎಂದಳು ವಾರಿಜ ಹೊರಗೆ ಬಂದ ಮೇಲೆ. "ಆರು ಗಂಟೆಗೆ ಅಂಗಡಿ ತೆರೀತಾರಂತೆ, ನಿನಗೋಸ್ಕರ."

"ಅಷ್ಟು ಬೇಗ? ರಾತ್ರಿ ಎಲ್ಲ ವ್ಯಾಪಾರ ಮಾಡುವವರು..."

"ಮತ್ತೆ? ಏಕಾದಶಿ ಮಾಡಿದವನಿಗೆ ಪಾರಣೆ ಬೇಡ್ವಾ?" ಎಂದಳು. ಲಾಡ್ಜಿನಲ್ಲಿ ತನ್ನ ಕೋಣೆಗೆ ಹೋದವಳು, "ನಾನೂ ಇವತ್ತು ಉಣ್ಣುದಿಲ್ಲ. ಅಣ್ಣ ಉಪವಾಸ ಇರುವಾಗ ಹೇಗೆ ಉಣ್ಣುದು?" ಎಂದು ಬಾಗಿಲು ಹಾಕಿಕೊಂಡಳು.

ಏಳು ಗಂಟೆಗೆ ನನಗೆ ಹಸಿವು ತಡೆಯಲಾಗಲಿಲ್ಲ. ಅವಲಕ್ಕಿ ಇದ್ದದ್ದು ಅವಳ ಪೆಟ್ಟಿಗೆಯಲ್ಲಿ. ಗಾಳಿಗೆ ಹೋಗಿ ಬರುತ್ತೇನೆಂದು ಅವಳ ಬಾಗಿಲ ಹೊರಗಿನಿಂದ ಹೇಳಿ ಆ ಬೀದಿಗೆ ಹೋದೆ. ಜನವೋ ಜನ. ತಿನ್ನುವವರು, ಕುಡಿಯುವವರು, ನಗುವವರು. ಸೇತುವೆಯ ಪಕ್ಕ ಮುದುಕನೊಬ್ಬ ಗಾಡಿಯಲ್ಲಿ ಬಿಸಿ ಕಲ್ಲಿನ ನಡುವೆ ಸಿಹಿಗೆಣಸು ಸುಡುತ್ತಿದ್ದ. ಒಂದು ತೆಗೆದುಕೊಂಡೆ. ಕಾಗದದಲ್ಲಿ ಸುತ್ತಿ ಕೊಟ್ಟ. ಏಡಿಯ ಹೋಟೆಲಿನ ಪಕ್ಕದ ಗೋಡೆಗೆ ಮುಖ ಮಾಡಿ, ಕಳ್ಳನ ಹಾಗೆ, ಸಿಪ್ಪೆ ಸಮೇತ ತಿಂದೆ. ಅಷ್ಟು ರುಚಿಯ ಗೆಣಸನ್ನು ನಾನು ಆಮೇಲೆ ತಿಂದಿಲ್ಲ. ಇನ್ನೊಂದು ತೆಗೆದುಕೊಂಡೆ. ಅದನ್ನೂ ತಿಂದೆ.

ಹೊಟ್ಟೆ ತುಂಬಿದ ಮೇಲೆ ಕಾಲು ತಾನಾಗಿ ಓಣಿಗೆ ಹೋಯಿತು. ಅಂಗಡಿಯ ಬಾಗಿಲಿಗೆ ಅರ್ಧ ಪರದೆ. ಅದರ ಸಂದಿನಲ್ಲಿ ನೋಡಿದೆ. ಎಂಟು ಸ್ಟೂಲಿನಲ್ಲೂ ಗಿರಾಕಿಗಳು. ಆಕೆ ಹೊಯ್ದದ್ದೆಲ್ಲ ಬಿಳಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತಿತ್ತು. ಮಗುಚಲು ಹೋದರೆ ಹರಿಯುತ್ತಿತ್ತು. ಗಿರಾಕಿಗಳು ಏನೋ ಹಾಸ್ಯ ಮಾಡಿ ನಗುತ್ತಿದ್ದರು. ಆಕೆಯೂ ನಗುತ್ತಾ, ಹೆರೆದು ತೆಗೆದು, ಮತ್ತೆ ಹೊಯ್ಯುತ್ತಿದ್ದರು. ಸೀದ ಕೋಸಿನ ವಾಸನೆ ಓಣಿಯ ತುದಿಯವರೆಗೆ ಬರುತ್ತಿತ್ತು. ನಾನು ಒಳಗೆ ಹೋಗಲಿಲ್ಲ.

ಬೆಳಿಗ್ಗೆ ಆರಕ್ಕೆ ಕೆಂಜಿ ಬಂದು ಕರೆದುಕೊಂಡು ಹೋದ. ದಾರಿಯಲ್ಲಿ ವಾರಿಜಳಿಗೆ ಹೇಳಿದನಂತೆ, ಅತಿಥಿ ಉಪವಾಸವಿರುವಾಗ ಮನೆಯವರು ಉಣ್ಣುವುದು ಹೇಗೆ ಎಂದು ಅಮ್ಮನೂ ನಿನ್ನೆ ಸಂಜೆಯಿಂದ ಏನೂ ತಿನ್ನದೆ ನಿಂತೇ ಕೆಲಸ ಮಾಡಿದರು ಎಂದು. ಅವಳು ಅದನ್ನು ನನಗೆ ದಾಟಿಸಿದಳು. ನನ್ನ ಹೊಟ್ಟೆಯಲ್ಲಿ ಎರಡು ಗೆಣಸು ಕಲ್ಲಿನ ಹಾಗೆ ಕೂತಿತ್ತು.

ಬೀದಿ ಖಾಲಿ. ಏಡಿ ಕಾಲು ಮಡಚಿ ಸುಮ್ಮನಿತ್ತು. ಅಂಗಡಿಯಲ್ಲಿ ಆಕೆ ಮತ್ತೆ ಎಲ್ಲವನ್ನೂ ತೊಳೆದು, ತಿಕ್ಕಿ, ಹೊಸದಾಗಿ ಹಿಟ್ಟು ಕಲಸಿ ಕಾಯುತ್ತಿದ್ದರು. ಕೆಂಪಾದ ಕಣ್ಣಿನಲ್ಲಿ ನಿದ್ದೆಯಿರಲಿಲ್ಲ. ಮೊದಲನೆಯದು ಹೊಯ್ದರು, ಕಚ್ಚಿತು. ಎರಡನೆಯದೂ ಕಚ್ಚಿತು. ಆಕೆಯ ಮುಖ ಸಣ್ಣದಾಯಿತು. ಒಂದು ತಿಂಗಳಿಂದ ಮಾಡಿ ನೋಡಿದ್ದು ಪಳಗಿದ ಕಾವಲಿಯ ಮೇಲೆ, ಈಗ ನನ್ನೆದುರು ಹೀಗೆ.

ನಾನು ಸ್ಟೂಲಿನಿಂದ ಎದ್ದು ಕಾವಲಿಯ ಆ ಕಡೆಗೆ ಹೋದೆ. ಬುಟ್ಟಿಯಲ್ಲಿ ಉದ್ದ ಬದನೆಕಾಯಿಗಳಿದ್ದವು. ಒಂದನ್ನು ತೆಗೆದು ತೋರಿಸಿದೆ. ಆಕೆ ತಲೆಯಾಡಿಸಿದರು. ಅಡ್ಡಕ್ಕೆ ಕತ್ತರಿಸಿ, ಎಣ್ಣೆಯಲ್ಲಿ ಅದ್ದಿ, ಉರಿ ಏರಿಸಿ, ಉಜ್ಜಿದೆ. ಹೊಗೆ ಬಂದ ಮೇಲೆ ಆರಗೊಟ್ಟೆ. ಮತ್ತೆ ಉಜ್ಜಿದೆ. ಮೂರನೆಯ ಸಲಕ್ಕೆ ಆಕೆ ನನ್ನ ಕೈಯಿಂದ ಬದನೆಯನ್ನು ಕಿತ್ತುಕೊಂಡು ತಾವೇ ಉಜ್ಜತೊಡಗಿದರು. ಬದನೆಯ ಟೋಪಿಯಂಥ ತೊಟ್ಟು ನೋಡಿ ಹುಡುಗಿಯ ಹಾಗೆ ನಕ್ಕರು. ಮುಕ್ಕಾಲು ಗಂಟೆ ಇಬ್ಬರೂ ಅದೇ ಕೆಲಸ ಮಾಡಿದೆವು. ನಡುವಿನಲ್ಲಿ ಊಟದ ಎಲೆಯಗಲ ಜಾಗ ಕಂದು ಬಣ್ಣಕ್ಕೆ ತಿರುಗಿತು. ಅಲ್ಲಿ ಹೊಯ್ದರು. ಅಂಚು ತಾನಾಗಿ ಎದ್ದಿತು.

ಎರಡು ಸಟ್ಟುಗ ಹಾಕಿ ಮಗುಚಿದರು. ಸೋಯಾ ಮತ್ತು ಖರ್ಜೂರ ಕುದಿಸಿ ಮಾಡಿದ ಗೊಜ್ಜು ಸವರಿ, ನನ್ನ ಮುಂದೆ ತಳ್ಳಿದರು. ದ್ವಾದಶಿಗೆ ಎಲೆಕೋಸು ಸಲ್ಲದು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಸುಳ್ಳು ಏಕಾದಶಿಯ ದ್ವಾದಶಿಗೆ ಸಲ್ಲುತ್ತದೆ. ಹೊರಗೆ ಗರಿಗರಿ, ಒಳಗೆ ಉದ್ದಿನ ಹಿಟ್ಟಿನ ಹಾಗೆ ಮೆತ್ತಗೆ, ಕೋಸಿನ ಸಿಹಿ. ಮೂರು ತಿಂದೆ. ಆಕೆ ನಾನು ಮೊದಲ ತುತ್ತು ನುಂಗಿದ ಮೇಲೆಯೇ ತಮ್ಮದಕ್ಕೆ ಕೈ ಹಾಕಿದ್ದು. ವಾರಿಜ ತಿನ್ನುತ್ತಾ ಅಳುತ್ತಿದ್ದಳು. ಕೆಂಜಿ "ಅಣ್ಣ-ಸಾನ್, ಅಣ್ಣ-ಸಾನ್" ಎಂದು ಸುಮ್ಮನೆ ಬಗ್ಗುತ್ತಿದ್ದ.

"ಸಾಕು ಮಾರಾಯ, ಸೊಂಟ ಹಿಡೀತದೆ. ಕೂತ್ಕೊಂಡು ತಿನ್ನು," ಎಂದೆ. ವಾರಿಜ ಅದನ್ನು ಅವನಿಗೆ ಹೇಳಲಾರದೆ ನಕ್ಕಳು.

ಮುಂದಿನ ವರ್ಷ ಮದುವೆಯಾಯಿತು. ಅದೇ ಹೊತ್ತಿಗೆ ಹೋಟೆಲಿನ ಸಾಲು ಸಣ್ಣದಾಗುತ್ತಾ ಬಂತು. ಕಂಪನಿಗಳು ಮುಚ್ಚಿ ಹುಡುಗರ ಕೊರಳಲ್ಲಿ ಬಿಲ್ಲೆ ಇರಲಿಲ್ಲ, ಎರಡು ಇಡ್ಲಿ ಹೇಳಿ ಬಹಳ ಹೊತ್ತು ಕೂರುತ್ತಿದ್ದರು. ನಾನು ಕೇಳದೆಯೇ ಇನ್ನೊಂದು ಇಡ್ಲಿ ಇಡುತ್ತಿದ್ದೆ. ಆಮೇಲೆ ನಾನು ದಕ್ಷಿಣಕ್ಕೆ ಮಾರ್ಗನ್ ಹಿಲ್‌ಗೆ ಬಂದೆ, ಒಂದು ಕೋಣೆಯ ಮನೆ. ಭಾನುವಾರ ಬಂತೆಂದರೆ ಡ್ಯಾನ್‌ವಿಲ್. ಒಬ್ಬನೇ ಆಗಿಬಿಡುತ್ತೇನೆಂದು ಹೆದರಿದ್ದೆನಲ್ಲ, ಹಾಗೇನೂ ಆಗಲಿಲ್ಲ. ಒಬ್ಬಳಿದ್ದ ಕಡೆ ಮೂರು ಜನರಾದರು. ಕೆಂಜಿಯ ಅಮ್ಮ ಅಂಗಡಿ ಮುಚ್ಚಿದಾಗ ಆ ಕಾವಲಿಯಿಂದ ಒಂದು ತುಂಡು ಕೊಯ್ಯಿಸಿ ಮೊಮ್ಮಗಳಿಗೆಂದು ತಂದುಕೊಟ್ಟರು. ಮಾಯಾ ಸೋಪು ಹಾಕಿ ಉಜ್ಜಿದ್ದು ಅದನ್ನೇ. ಬಂದಾಗಲೆಲ್ಲ ನನಗೆ ಬದನೆಕಾಯಿ ತೋರಿಸಿ ನಗುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಅವರಿಗೆ ನಾನು ನಿಜ ಹೇಳಲೇ ಇಲ್ಲ.

ಅದಕ್ಕೇ ಹೋದ ಭಾನುವಾರ, ಮಾಯಾ ತಟ್ಟೆ ತೆಗೆದುಕೊಂಡು ಹೊರಗೆ ಹೋದ ಮೇಲೆ, ಕಾವಲಿ ಒರೆಸುತ್ತಾ ಹೇಳಿಬಿಟ್ಟೆ: "ವಾರಿಜಾ, ಅವತ್ತು ಏಕಾದಶಿ ಆಗಿರಲಿಲ್ಲ."

ಅವಳು ಪಾತ್ರೆ ಜೋಡಿಸುತ್ತಲೇ ಇದ್ದಳು. "ನವಮಿ," ಎಂದಳು.

"ಎಂತ?"

"ಅವತ್ತು ನವಮಿ ಅಣ್ಣ. ನೀನು ಏಕಾದಶಿ ನೆವ ಹೇಳಬಾರದು ಅಂತ ಪಂಚಾಂಗ ನೋಡಿಯೇ ನಾನು ಊಟದ ದಿನ ಗೊತ್ತುಮಾಡಿದ್ದು."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಎದ್ದು ಹೋಗ್ತಿದ್ದೆ. ನಿನಗೆ ಒಂದು ರಾತ್ರಿ ಬೇಕಿತ್ತು, ಕೊಟ್ಟೆ. ಪಾರಣೆ ಅಂತ ಹೇಳಿದ್ದು ಯಾಕೆ ಮತ್ತೆ? ಏಕಾದಶಿ ಮಾಡಿದವ ದ್ವಾದಶಿ ಬೆಳಿಗ್ಗೆ ಉಣ್ಣಲೇಬೇಕಲ್ಲ." ಅವಳು ನನ್ನ ಕಡೆ ತಿರುಗಿದಳು. "ನೀನೂ ಹಸಿದೇ ಇದ್ದಿಯಲ್ಲ ಅಣ್ಣ ಅವತ್ತು. ನೀನು, ನಾನು, ಅತ್ತೆ, ಮೂರು ಜನ ಸೇರಿ ಒಂದು ಸುಳ್ಳು ಏಕಾದಶಿ ಮಾಡಿದೆವು. ದೇವರು ಲೆಕ್ಕಕ್ಕೆ ಹಿಡೀತಾನೆ ಬಿಡು."

ನಾನು ಬದನೆಯ ತೊಟ್ಟು ಕಸಕ್ಕೆ ಹಾಕಿ ಕೈ ತೊಳೆದುಕೊಂಡೆ.

ಮನೆಗೆ ಬಂದು ಬರೆಯಲು ಕೂತದ್ದು ಅದಕ್ಕೆ. ಮೂರು ಜನ ಅಲ್ಲ ವಾರಿಜಾ, ಇಬ್ಬರೇ. ಗೆಣಸಿನ ವಿಷಯ ನಿನಗೆ ಈಗಷ್ಟೇ, ಟೈಪ್ ಮಾಡುವಾಗ ಗೊತ್ತಾಗಿರುತ್ತದೆ. ಒಂದಲ್ಲ, ಎರಡು. ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ. ಆ ಸಾಲುಗಳನ್ನು ಬಿಡಬೇಡ, ಇದ್ದ ಹಾಗೇ ಹಾಕು. ಬರುವ ಭಾನುವಾರ ಏಕಾದಶಿ, ಈ ಸಲ ಪಂಚಾಂಗ ನಾನೇ ನೋಡಿದ್ದೇನೆ. ನಾನು ಬರುತ್ತೇನೆ. ನೀವು ಮೂವರೂ ಉಣ್ಣಿ, ನಾನು ಬಡಿಸುತ್ತೇನೆ. ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಕಾವಲಿ ಕಾಯಿಸಿ ಇಡು.